ಟ್ಯಾಕ್ಸಿ ಡ್ರೈವರ್ ಡಿಎಲ್ ದಾಖಲೆಯನ್ನು ಆರ್‌ಟಿಓ, ಪೊಲೀಸರು, ಗೋವಾದವರು ಹಂಚಿಕೊಳ್ಳೋದನ್ನ ಹೊಸ ಡೇಟಾ ಕಾನೂನಿನಡಿ ತಡೆಯಬಹುದಾ?

ನೀವು ಕುಮಟಾದವರು, ಸೀಜನ್ನಿನಲ್ಲಿ ಗೋವಾ ಬಾಡಿಗೆಯೇ ಹೆಚ್ಚು. ಇಲ್ಲಿನ ಆರ್‌ಟಿಓದಲ್ಲಿ ಇರೋ ದಾಖಲೆ ಅಲ್ಲಿಯವರಿಗೂ ಕಾಣುತ್ತೆ ಅಂತ ಗೊತ್ತಾಗಿ ನಿದ್ದೆ ಬರ್ತಿಲ್ಲ, ‘ನನ್ನ ಒಪ್ಪಿಗೆ ಇಲ್ಲ’ ಅಂತ ಪತ್ರ ಕೊಡಲಾ, ಇಲ್ಲ ಗೋವಾದಲ್ಲೇ ಬೇರೆ ಡಿಎಲ್ ಮಾಡಿಸಲಾ ಅಂತ ಕೇಳಿದ್ದೀರಿ. ಓದಿದಾಗ ನನ್ನದೇ ಹಳೆ ಮಾತು ಕೇಳಿದ ಹಾಗಾಯಿತು. ಎರಡೂ ಬೇಡ. ತಡೆಯೋಕೆ ಹೋಗಲೇಬೇಡಿ. ಯಾಕೆ ಅನ್ನೋದಕ್ಕೆ ನನಗಾದದ್ದನ್ನೇ ಹೇಳ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ನಾನು ಕಾರವಾರದಲ್ಲಿ ಟ್ಯಾಕ್ಸಿ ಇಟ್ಟುಕೊಂಡವನು. ಡಿಸೆಂಬರ್ ಕೊನೆ, ಹುಬ್ಬಳ್ಳಿಯ ಒಂದು ಕುಟುಂಬವನ್ನು ದಾಬೋಳಿ ಏರ್‌ಪೋರ್ಟಿಗೆ ಬಿಡೋ ಬಾಡಿಗೆ. ಮಾಜಾಳಿ ದಾಟಿ ಕಾಣಕೋಣದ ಹತ್ತಿರ ತಪಾಸಣೆ ಇತ್ತು. ಪರ್ಮಿಟ್, ಇನ್ಶೂರೆನ್ಸ್, ಟ್ಯಾಕ್ಸ್ ಎಲ್ಲ ಸರಿ. ಡಿಎಲ್ ನಂಬರನ್ನು ಮಷೀನಿಗೆ ಹಾಕಿದ ಅಧಿಕಾರಿ ನನ್ನ ಮುಖ ನೋಡಿದರು. ‘ಸಸ್ಪೆಂಡ್ ಆಗಿದೆ, ನಿಮ್ಮ ಕರ್ನಾಟಕದವರೇ ಮಾಡಿದ್ದಾರೆ’ ಅಂದರು. ನನ್ನ ಕೈಯಲ್ಲಿದ್ದ ಕಾರ್ಡಿನ ಅವಧಿ ಮುಗಿದಿರಲಿಲ್ಲ. ನನಗೆ ಯಾವ ನೋಟಿಸೂ ಬಂದಿರಲಿಲ್ಲ. ಅವರು ಒರಟಾಗಿ ಮಾತಾಡಲಿಲ್ಲ, ತಮ್ಮ ಕೆಲಸ ಮಾಡಿದರು. ಪ್ಯಾಸೆಂಜರ್‌ಗಳು ಬೇರೆ ಗಾಡಿ ಹತ್ತಿದರು. ನನ್ನ ಗಾಡಿಯನ್ನು ವಾಪಸ್ ತರೋಕೆ ಊರಿಂದ ಇನ್ನೊಬ್ಬ ಡ್ರೈವರ್ ಬರಬೇಕಾಯಿತು.

ಆಗಿದ್ದು ಒಂದೇ ಒಂದು ತಪ್ಪು. ಅದನ್ನ ಬಿಡಿಸಿ ಹೇಳ್ತೇನೆ, ಯಾಕೆಂದರೆ ನಿಮ್ಮದೂ ಹಳೆ ಕಾಲದ ಡಿಎಲ್ ಆಗಿದ್ದರೆ ಇದೇ ಆಗಬಹುದು.

ನನ್ನ ಡಿಎಲ್ ಮೊದಲು ಆಗಿದ್ದು ಪುಸ್ತಕದ ಕಾಲದಲ್ಲಿ, ಅಂದರೆ ಕಾರ್ಡಿನ ಬದಲು ಸಣ್ಣ ಪುಸ್ತಕ ಕೊಡ್ತಿದ್ದಾಗ. ಆಗ ನಂಬರ್ ಹೇಗಿತ್ತು ಅಂದರೆ ಮೊದಲು ಕ್ರಮಸಂಖ್ಯೆ, ಒಂದು ಓರೆಗೆರೆ, ಆಮೇಲೆ 05-06. ಆ 05-06 ಅಂದರೆ ಹಣಕಾಸು ವರ್ಷ, 2005ರ ಏಪ್ರಿಲಿನಿಂದ 2006ರ ಮಾರ್ಚ್‌ವರೆಗೆ. ಏಪ್ರಿಲ್ ಬಂತೆಂದರೆ ಕ್ರಮಸಂಖ್ಯೆ ಮತ್ತೆ ಒಂದರಿಂದ ಶುರು. ಮುಂದೆ ಎಲ್ಲವನ್ನೂ ‘ಸಾರಥಿ’ಗೆ, ಅಂದರೆ ಡಿಎಲ್ ದಾಖಲೆ ಇಡೋ ಕೇಂದ್ರದ ಕಂಪ್ಯೂಟರ್ ವ್ಯವಸ್ಥೆಗೆ, ಏರಿಸುವಾಗ ನಂಬರ್ 15 ಅಕ್ಷರದ್ದಾಯಿತು: ರಾಜ್ಯದ ಎರಡು ಅಕ್ಷರ, ಕಚೇರಿಯ ಎರಡು ಅಂಕಿ, ಇಸವಿ ನಾಲ್ಕು, ಕ್ರಮಸಂಖ್ಯೆ ಏಳು. ನಮ್ಮ ಜಿಲ್ಲೆಯಲ್ಲಿ ಕಾರವಾರ 30, ಶಿರಸಿ 31, ಹೊನ್ನಾವರ 47, ದಾಂಡೇಲಿ 65. ಹೊಸ ನಂಬರಿನಲ್ಲಿ ಹಣಕಾಸು ವರ್ಷಕ್ಕೆ ಜಾಗ ಇಲ್ಲ, ಕ್ಯಾಲೆಂಡರ್ ಇಸವಿ ಮಾತ್ರ. ನನಗೆ ಡಿಎಲ್ ಸಿಕ್ಕಿದ್ದು 2006ರ ಫೆಬ್ರವರಿ, ಹಾಗಾಗಿ 2006 ಅಂತ ಏರಿಸಿದರು. ಸರಿಯಾಗೇ ಇತ್ತು.

ಆದರೆ ಅದೇ ಕಚೇರಿಯಲ್ಲಿ ಅದೇ ಕ್ರಮಸಂಖ್ಯೆಯ 06-07ರ ಇನ್ನೊಬ್ಬರಿದ್ದರು. ಅವರಿಗೆ ಡಿಎಲ್ ಆಗಿದ್ದೂ 2006ರಲ್ಲೇ, ಮಳೆಗಾಲ ಕಳೆದ ಮೇಲೆ. ಒಂದೇ ನಂಬರನ್ನು ಕಂಪ್ಯೂಟರ್ ಎರಡು ಸಲ ತಗೊಳ್ಳಲ್ಲವಲ್ಲ, ಅವರದ್ದನ್ನ 2007 ಅಂತ ಏರಿಸಿದ್ದರು. ಅವರದ್ದು ಖಾಸಗಿ ಗಾಡಿಯ ಡಿಎಲ್, ಇಪ್ಪತ್ತು ವರ್ಷದ ಅವಧಿ, ಹಾಗಾಗಿ ಕೈಯಲ್ಲಿ ಹಳೆ ಪುಸ್ತಕವೇ ಇತ್ತು. ಅವರ ಮೇಲೆ ಮೂರು ತಿಂಗಳ ಅಮಾನತು ಆದೇಶ ಆದಾಗ ಕಚೇರಿಯಲ್ಲಿ ಪುಸ್ತಕ ನೋಡಿದ್ದಾರೆ, ಕೊಟ್ಟ ತಾರೀಕು 2006 ಅಂತ ಇದೆ, 2006ಕ್ಕೆ ಕ್ರಮಸಂಖ್ಯೆ ಸೇರಿಸಿ ಟೈಪ್ ಮಾಡಿದ್ದಾರೆ. ತೆರೆದದ್ದು ನನ್ನ ದಾಖಲೆ. ಹೆಸರೂ ಒಂದೇ. ನಮ್ಮ ಕರಾವಳಿಯಲ್ಲಿ ಒಂದೇ ಹೆಸರಿನ ನಾಯ್ಕರು, ಗೌಡರು ಊರಿಗೆ ಎಷ್ಟು ಜನ ಇರ್ತಾರೆ ಅಂತ ನಿಮಗೆ ಹೇಳಬೇಕಾಗಿಲ್ಲ. ತಂದೆ ಹೆಸರು ಬೇರೆ, ಹುಟ್ಟಿದ ತಾರೀಕು ಬೇರೆ, ಪರದೆಯ ಮೇಲೆ ಇದ್ದ ಫೋಟೋವೂ ಬೇರೆ. ಅಷ್ಟರಲ್ಲಿ ಒಂದನ್ನಾದರೂ ನೋಡಿದ್ದರೆ ನನ್ನ ಆ ಸೀಜನ್ ಹೋಗ್ತಿರಲಿಲ್ಲ.

ಇದು ಗೊತ್ತಾಗಿದ್ದು ಹೇಗೆ ಅಂದರೆ, ಡಿಎಲ್ ಎಕ್ಸ್‌ಟ್ರ್ಯಾಕ್ಟ್, ಅಂದರೆ ಕಚೇರಿಯ ದಾಖಲೆಯಲ್ಲಿ ನನ್ನ ಬಗ್ಗೆ ಇರೋದರ ಪ್ರತಿ, ತೆಗೆಸಿದೆ. ಗಾಡಿಗೆ ಬಿ ಎಕ್ಸ್‌ಟ್ರ್ಯಾಕ್ಟ್ ಇದ್ದ ಹಾಗೆ ಡಿಎಲ್‌ಗೂ ಇದೆ, ಎಷ್ಟೋ ಡ್ರೈವರ್‌ಗಳಿಗೆ ಗೊತ್ತಿಲ್ಲ. ಅಮಾನತು ಆದೇಶದ ಪ್ರತಿಗೆ ಆರ್‌ಟಿಐ ಹಾಕಿದೆ. ಮೋಟಾರು ವಾಹನ ಕಾಯ್ದೆಯ 19ನೇ ಕಲಮಿನ ಪ್ರಕಾರ ಅನರ್ಹ ಮಾಡೋ ಮೊದಲು ಆ ಮನುಷ್ಯನ ಅಹವಾಲು ಕೇಳಲೇಬೇಕು, ಕಾರಣ ಬರೆದು ಆದೇಶ ಮಾಡಬೇಕು, ಅದರ ಮೇಲೆ 30 ದಿನದೊಳಗೆ ಮೇಲ್ಮನವಿಗೂ ದಾರಿ ಇದೆ. ನನ್ನನ್ನ ಯಾರೂ ಕರೆದೇ ಇಲ್ಲ ಅನ್ನೋದೇ ನನ್ನ ದೊಡ್ಡ ಸಾಕ್ಷಿಯಾಯಿತು.

ಕೌಂಟರಿನಲ್ಲಿ ನಡೆದ ಇನ್ನೊಂದು ಸಂಗತಿ ನನ್ನ ಮನಸ್ಸಿನಿಂದ ಹೋಗಿಲ್ಲ. ‘ಈ ಮನುಷ್ಯ ನೀವಲ್ಲವಾ?’ ಅಂತ ಕೇಳೋಕೆ ಅಲ್ಲಿದ್ದವರು ಪರದೆಯನ್ನು ನನ್ನ ಕಡೆ ತಿರುಗಿಸಿ ಆ ಇನ್ನೊಬ್ಬರ ಇಡೀ ದಾಖಲೆ ತೋರಿಸಿದರು. ಮನೆ ವಿಳಾಸ, ಫೋನ್ ನಂಬರ್, ಮಾಡಿದ ಅಪರಾಧ, ಎಲ್ಲ. ನನ್ನ ಹಿಂದೆ ಸಾಲಿನಲ್ಲಿದ್ದವರೂ ನೋಡಿದರು. ಅವರ ಅಪರಾಧ ಏನು ಅಂತ ನನಗೆ ಈಗಲೂ ಗೊತ್ತು, ಇಲ್ಲಿ ಬರೆಯಲ್ಲ. ಅದು ಅವರ ವಿಷಯ. ನನ್ನ ಹುಟ್ಟಿದ ತಾರೀಕು ಕೇಳಿ ಹೋಲಿಸಿದ್ದರೆ ಸಾಕಾಗಿತ್ತು.

ಸರಿ, ಮೇಲಿನ ಅಧಿಕಾರಿ ಕಾಗದ ನೋಡಿ ಒಪ್ಪಿದರು, ಸಾರಥಿಯಲ್ಲಿ ತಿದ್ದಿದರು. ಆವತ್ತು ಸಂಜೆಯೇ ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನನ್ನ ಡಿಎಲ್ ಸರಿ ಕಾಣಿಸಿತು. ಮುಂದಿನ ಸಲ ಗೋವಾದಲ್ಲಿ ತಡೆದಾಗ ಅವರ ಮಷೀನಿನಲ್ಲೂ ಸರಿ ಇತ್ತು. ನಾನು ಗೋವಾಕ್ಕೆ ಒಂದು ಅರ್ಜಿಯನ್ನೂ ಕೊಟ್ಟಿರಲಿಲ್ಲ. ಇದನ್ನ ದಯವಿಟ್ಟು ಎರಡು ಸಲ ಓದಿ. ಎಲ್ಲರೂ ಒಂದೇ ಕಡೆಯಿಂದ ನೋಡುವಾಗ ತಪ್ಪು ಬೇಗ ಹರಡಿದ್ದು ನಿಜ, ತಿದ್ದುಪಡಿಯೂ ಅಷ್ಟೇ ಬೇಗ ಹರಡಿತು. ಎರಡೂ ರಾಜ್ಯದವರು ಬೇರೆ ಬೇರೆ ಪಟ್ಟಿ ಇಟ್ಟುಕೊಂಡಿದ್ದರೆ ನಾನು ಪಣಜಿಗೂ ಅಲೆಯಬೇಕಿತ್ತು.

ತಿದ್ದಲಾಗದೆ ಉಳಿದದ್ದು ಬೇರೆ. ಕಾರವಾರದ ಸುತ್ತ ಗೇಟ್ ಪಾಸ್ ಇಲ್ಲದೆ ಟ್ಯಾಕ್ಸಿ ಒಳಗೆ ಬಿಡದ ಕೆಲಸದ ಜಾಗಗಳಿವೆ. ಅಂಥ ಒಂದು ಕಡೆ ಸಿಬ್ಬಂದಿಯನ್ನು ಬಿಡೋ ತಿಂಗಳ ಬಾಡಿಗೆ ನನಗಿತ್ತು. ಅದನ್ನ ನಡೆಸೋ ಗುತ್ತಿಗೆದಾರರು ಡ್ರೈವರ್‌ಗಳ ಆಧಾರ್, ಡಿಎಲ್, ಪೊಲೀಸ್ ವೆರಿಫಿಕೇಶನ್ ಪತ್ರ, ಫೋಟೋ ಎಲ್ಲ ತಗೊಂಡು ಎಕ್ಸೆಲ್ ಮಾಡಿದ್ದರು. ‘ಸಸ್ಪೆಂಡೆಡ್’ ಅಂತ ಕಂಡ ದಿನ ಸ್ಕ್ರೀನ್‌ಶಾಟ್ ತೆಗೆದು, ನನ್ನ ಫೋಟೋ, ಆಧಾರ್ ನಂಬರ್, ಫೋನ್ ನಂಬರ್ ಸಮೇತ ಟ್ರಾವೆಲ್ಸ್ ಮಾಲೀಕರ ವಾಟ್ಸ್ಯಾಪ್ ಗ್ರೂಪಿಗೆ ಹಾಕಿದರು. ಬಾಡಿಗೆ ಹೋಯಿತು. ಅದು ಹೋಗಲಿ. ದಾಖಲೆ ಸರಿಯಾಗಿ ಎಷ್ಟೋ ತಿಂಗಳ ಮೇಲೆ ಗೋಕರ್ಣದಲ್ಲಿ ಒಬ್ಬ ಮಾಲೀಕರ ಹತ್ತಿರ ಕೆಲಸ ಕೇಳಿದೆ. ನನ್ನನ್ನ ಯಾವತ್ತೂ ನೋಡಿರದ ಅವರು ಫೋನ್ ತೆಗೆದು ನನ್ನದೇ ಫೋಟೋ ತೋರಿಸಿದರು, ಮೇಲೆ ಕೆಂಪು ಗೆರೆ. ಸಾರಥಿಯ ದಾಖಲೆ ತೋರಿಸಿದೆ. ‘ಅದೆಲ್ಲ ಸರಿ, ಆದರೂ ಏನೋ ಇದ್ದಿರಬೇಕಲ್ಲ’ ಅಂದರು. ಆ ಪಟ್ಟಿಗೆ ಕಚೇರಿ ಇಲ್ಲ, ಕೌಂಟರ್ ಇಲ್ಲ, ತಿದ್ದಿ ಅಂತ ಅರ್ಜಿ ಕೊಡೋಕೆ ಒಬ್ಬ ಮನುಷ್ಯ ಇಲ್ಲ. ಈಗ ಎಷ್ಟು ಫೋನಿನಲ್ಲಿದೆಯೋ.

ಹಾಗಾಗಿ ನಿಮ್ಮ ಭಯ ತಪ್ಪಲ್ಲ, ಅದನ್ನ ಇಟ್ಟುಕೊಂಡಿರೋ ಜಾಗ ತಪ್ಪು. ನೀವು ಅಂಜಬೇಕಾದ್ದು ಕಚೇರಿಯಿಂದ ಕಚೇರಿಗೆ ಹೋಗೋದಕ್ಕಲ್ಲ, ಕಚೇರಿಯಿಂದ ಹೊರಗೆ ಹೋದ ನಕಲಿಗೆ.

ಪತ್ರ ಕೊಟ್ಟರೆ ಆಗಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 7ನೇ ಕಲಮು ಲೈಸೆನ್ಸ್, ಪರ್ಮಿಟ್ ಕೊಡೋದಕ್ಕೆ ಮತ್ತು ಕಾನೂನಿನ ಪ್ರಕಾರದ ಸರ್ಕಾರಿ ಕೆಲಸಕ್ಕೆ ಒಪ್ಪಿಗೆ ಇಲ್ಲದೆಯೂ ಮಾಹಿತಿ ಬಳಸೋ ಅವಕಾಶ ಕೊಟ್ಟಿದೆ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಡಿಎಲ್‌ಗಳ ರಾಷ್ಟ್ರೀಯ ರಿಜಿಸ್ಟರ್ ಸೇರಿಸಿದ್ದಾರೆ. ಗೋವಾದಲ್ಲಿ ಬೇರೆ ಡಿಎಲ್ ಅನ್ನೋದಂತೂ ತಲೆಯಿಂದ ತೆಗೆದುಹಾಕಿ. ಒಬ್ಬರಿಗೆ ಒಂದೇ ಡಿಎಲ್, 6ನೇ ಕಲಮು ನೇರವಾಗಿ ಹೇಳುತ್ತೆ. ಏಜೆಂಟ್ ಏನೇ ಹೇಳಲಿ.

ಮತ್ತೆ ತಡೆಯಬಾರದು ಕೂಡ. ಕಾರವಾರ ಸ್ಟೇಷನ್ನಿಗೆ, ಗೋಕರ್ಣ ರೋಡ್ ಸ್ಟೇಷನ್ನಿಗೆ ನಡುರಾತ್ರಿ ರೈಲು ಬರುತ್ತೆ. ಒಬ್ಬಳೇ ಇಳಿದ ಹೆಣ್ಣುಮಗಳು ಗುರುತಿಲ್ಲದ ನಮ್ಮ ಗಾಡಿ ಹತ್ತುತ್ತಾಳೆ. ಕುಡಿದು ಓಡಿಸಿ ಒಂದು ಕಡೆ ಡಿಎಲ್ ಕಳಕೊಂಡವನು ಗಡಿ ದಾಟಿ ಇನ್ನೊಂದು ಕಡೆ ಸ್ಟ್ಯಾಂಡಿನಲ್ಲಿ ನಿಲ್ಲಬಾರದು. ನಾನು ಅನುಭವಿಸಿದ ಮೇಲೂ ಇದನ್ನ ಹೇಳ್ತೇನೆ.

ತಂಗಿಯ ಮಗಳು ಲಾ ಓದ್ತಾಳೆ. ನನ್ನ ಕಾಗದಗಳನ್ನ ನೋಡಿ ಅವಳು ಇಂಗ್ಲೆಂಡಿನದ್ದು ಹೇಳಿದಳು. ಅಲ್ಲಿ ಟ್ಯಾಕ್ಸಿ ಲೈಸೆನ್ಸ್ ಕೊಡೋದು ಸ್ಥಳೀಯ ಕೌನ್ಸಿಲ್‌ಗಳು. ಒಂದು ಊರಲ್ಲಿ ಲೈಸೆನ್ಸ್ ರದ್ದಾದವನು ಪಕ್ಕದ ಊರಲ್ಲಿ ತಗೊಳ್ಳೋದನ್ನ ನಿಲ್ಲಿಸೋಕೆ 2022ರಲ್ಲಿ ಕಾಯ್ದೆ ಮಾಡಿದರು. ಪ್ರಯಾಣಿಕರ ಸುರಕ್ಷತೆಯ ಕಾರಣಕ್ಕೆ ಲೈಸೆನ್ಸ್ ನಿರಾಕರಿಸಿದರೆ, ಅಮಾನತು ಅಥವಾ ರದ್ದು ಮಾಡಿದರೆ ಐದು ಕೆಲಸದ ದಿನದೊಳಗೆ ಸಾಮಾನ್ಯ ರಿಜಿಸ್ಟರಿಗೆ ಏರಿಸಬೇಕು. ಆದರೆ ಕಾರಣ ಅದರಲ್ಲಿ ಬರೆದಿರಲ್ಲ. ಬೇಕಾದ ಕೌನ್ಸಿಲ್ ಕೇಳಬೇಕು, ರಿಜಿಸ್ಟರಿಗೆ ಏರಿಸಿದ ಕೌನ್ಸಿಲ್ 20 ಕೆಲಸದ ದಿನದೊಳಗೆ ಉತ್ತರ ಕೊಡಬೇಕು. ದಾಖಲೆ ಇರೋದು 11 ವರ್ಷ. ‘ನೋಡಿ ಮಾವ, ಹಂಚಿಕೊಳ್ಳೋದೂ ಇದೆ, ಇಡೀ ಫೈಲನ್ನ ಎಲ್ಲರ ಮುಂದೆ ತೆರೆದಿಡೋದು ಇಲ್ಲ’ ಅಂದಳು. ಆ ಕೌಂಟರಿನಲ್ಲಿ ಬೇಕಾಗಿದ್ದದ್ದು ಇಷ್ಟೇ.

ನಮ್ಮಲ್ಲಿ ಏನಾಗಿತ್ತು ಗೊತ್ತಾ? 2019ರ ಮಾರ್ಚಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ವಾಹನ್ (ಗಾಡಿ ನೋಂದಣಿಯ ದಾಖಲೆ), ಸಾರಥಿ ದತ್ತಾಂಶವನ್ನು ದುಡ್ಡಿಗೆ ಕೊಡೋ ನೀತಿಯನ್ನೇ ತಂದಿತ್ತು. ವ್ಯಾಪಾರಿ ಸಂಸ್ಥೆಗಳಿಗೆ ವರ್ಷಕ್ಕೆ 3 ಕೋಟಿ ರೂಪಾಯಿ ದರ. ದುರ್ಬಳಕೆ, ಖಾಸಗಿತನದ ಪ್ರಶ್ನೆ ಬಂದು 2020ರ ಜೂನ್‌ನಲ್ಲಿ ಆ ನೀತಿ ವಾಪಸ್ ಆಯಿತು. ಆದರೆ ಅಷ್ಟರಲ್ಲಿ ಹೋದದ್ದು ಹೋಯಿತು. ಗೋವಾ ಪೊಲೀಸರು ನನ್ನ ದಾಖಲೆ ನೋಡಿದರೆ ನನಗೆ ಸಿಟ್ಟಿಲ್ಲ, ಇದಕ್ಕೆ ಇವತ್ತಿಗೂ ಸಿಟ್ಟಿದೆ.

ನಮ್ಮ 2023ರ ಹೊಸ ಕಾಯ್ದೆಯಲ್ಲಿ ನಿಮಗೆ ನಿಜವಾಗಿ ಉಪಯೋಗ ಆಗೋದು 8ನೇ ಕಲಮಿನ 3ನೇ ಉಪಕಲಮು. ನಿಮ್ಮ ಬಗ್ಗೆ ನಿರ್ಧಾರ ಮಾಡೋಕೆ ಬಳಸೋ, ಅಥವಾ ಇನ್ನೊಬ್ಬರಿಗೆ ಕೊಡೋ ಮಾಹಿತಿ ಪೂರ್ತಿಯಾಗಿ, ನಿಖರವಾಗಿ ಇರೋ ಹಾಗೆ ನೋಡಿಕೊಳ್ಳೋದು ಇಟ್ಟುಕೊಂಡವರ ಹೊಣೆ. ನಿಯಮಗಳು 2025ರ ನವೆಂಬರಿನಲ್ಲಿ ಬಂದಿವೆ, ಇದೂ, ಮೇಲೆ ಹೇಳಿದ 7ನೇ ಕಲಮೂ ಜಾರಿಗೆ ಬರೋದು ಅಲ್ಲಿಂದ 18 ತಿಂಗಳಿಗೆ. ಅಲ್ಲಿವರೆಗೆ ಆರ್‌ಟಿಐ ಇದೆ. ಬೇರೆಯವರ ವೈಯಕ್ತಿಕ ಮಾಹಿತಿ ಈಗ ಅದರಲ್ಲಿ ಸಿಗೋದು ಕಷ್ಟ, ನಿಮ್ಮ ಸ್ವಂತ ಫೈಲ್ ಕೇಳೋಕೆ ಅಡ್ಡಿ ಇಲ್ಲ. 10 ರೂಪಾಯಿ ಪೋಸ್ಟಲ್ ಆರ್ಡರ್, ಕರ್ನಾಟಕದಲ್ಲಿ 150 ಪದದೊಳಗೆ ಒಂದೇ ವಿಷಯ, 30 ದಿನದಲ್ಲಿ ಉತ್ತರ.

ಗುತ್ತಿಗೆದಾರರು, ಟ್ರಾವೆಲ್ಸ್‌ನವರು ಕೇಳಿದರೆ ಆಧಾರ್ ಪೂರ್ತಿ ಕೊಡಬೇಡಿ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣೋ ಮಾಸ್ಕ್ಡ್ ಆಧಾರ್ ಡೌನ್‌ಲೋಡ್ ಮಾಡಿ ಕೊಡಿ. ಝೆರಾಕ್ಸ್ ಮೇಲೆ ಅಡ್ಡಲಾಗಿ ಯಾರಿಗೆ, ಯಾವ ಕೆಲಸಕ್ಕೆ, ಯಾವ ತಾರೀಕು ಅಂತ ಬರೆದು ಸಹಿ ಹಾಕಿ. ಡಿಎಲ್ ನಂಬರ್ ಮತ್ತು ಹುಟ್ಟಿದ ತಾರೀಕು ಎರಡೂ ಸಿಕ್ಕರೆ ಯಾರು ಬೇಕಾದರೂ ಪರಿವಾಹನ್‌ನಲ್ಲಿ ನಿಮ್ಮ ಸ್ಥಿತಿ ನೋಡಬಹುದು, ಹಾಗಾಗಿ ವಾಟ್ಸ್ಯಾಪಿನಲ್ಲಿ ಡಿಎಲ್ ಫೋಟೋ ಕಳಿಸೋ ಅಭ್ಯಾಸ ಬಿಡಿ. ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿ ತೆರೆದು ತೋರಿಸಿ, ತಪಾಸಣೆಯಲ್ಲೂ ಅದು ಮೂಲ ದಾಖಲೆಗೆ ಸಮ. ‘ಗ್ರೂಪಿಗೆ ಹಾಕಿ’ ಅಂದವರಿಗೆ ಆಗಲ್ಲ ಅನ್ನಿ. ಬಾಡಿಗೆ ಹೋಗುತ್ತೆ ಅಂತ ಹೆದರಿಕೆ ಆಗುತ್ತೆ ಅಂತ ಗೊತ್ತು. ಆದರೂ ಅನ್ನಿ.

ನಿಮ್ಮ ಡಿಎಲ್ ಪುಸ್ತಕದ ಕಾಲದ್ದಾದರೆ ಈ ವಾರವೇ ಎಕ್ಸ್‌ಟ್ರ್ಯಾಕ್ಟ್ ತೆಗೆಸಿ. ಹಳೆ ಪುಸ್ತಕ ಎಸೆಯಬೇಡಿ, ಅದರಲ್ಲಿರೋ ಕ್ರಮಸಂಖ್ಯೆ, ಕೊಟ್ಟ ತಾರೀಕು, ತಂದೆ ಹೆಸರು ಮೂರನ್ನೂ ಎಕ್ಸ್‌ಟ್ರ್ಯಾಕ್ಟ್ ಜೊತೆ ಹೋಲಿಸಿ. ಒಂದು ಅಕ್ಷರ ಹೆಚ್ಚುಕಡಿಮೆ ಇದ್ದರೂ ಲಿಖಿತ ಅರ್ಜಿ ಕೊಟ್ಟು, ಮುದ್ರೆ ಹಾಕಿದ ಸ್ವೀಕೃತಿ ತಗೊಂಡೇ ಬನ್ನಿ. ಯಾವತ್ತಾದರೂ ಅಮಾನತು ಆಗಿದ್ದರೆ ಅದು ಮುಗಿದ ತಾರೀಕು ದಾಖಲೆಯಲ್ಲಿ ಏರಿದೆಯಾ ಅಂತ ಬೇರೆಯಾಗಿ ಕೇಳಿ. ಎಕ್ಸ್‌ಟ್ರ್ಯಾಕ್ಟ್ ಬಿಟ್ಟು ಉಳಿದ ಓಡಾಟವನ್ನ ಮಳೆಗಾಲದಲ್ಲಿ, ಬಾಡಿಗೆ ಕಡಿಮೆ ಇರುವಾಗ ಮಾಡಿ ಮುಗಿಸೋದು ಒಳ್ಳೆಯದು. ಅಕ್ಟೋಬರ್ ನಂತರ ಒಂದು ದಿನ ಗಾಡಿ ನಿಲ್ಲಿಸಿ ಕಚೇರಿಗೆ ಹೋಗೋಕೂ ಆಗಲ್ಲ.