ಆಫೀಸಿಗೆ ಸೈಕಲ್: ಕ್ಲಿಪ್ ಶೂ ಬೇಕಾ, ಬೇಕಾದರೆ ಯಾವುದು?

ಪ್ರಶ್ನೆ: ವಾರಕ್ಕೆ ನಾಲ್ಕು ದಿನ ಜಯನಗರದಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೈಬ್ರಿಡ್ ಸೈಕಲ್‌ನಲ್ಲಿ ಹೋಗುತ್ತೇನೆ. ಗೆಳೆಯರೆಲ್ಲ ಪೆಡಲ್‌ಗೆ ಕಚ್ಚಿಕೊಳ್ಳುವ ಕ್ಲಿಪ್ ಶೂ ತಗೋ ಅಂತಿದ್ದಾರೆ. ಸಿಗ್ನಲ್‌ನಲ್ಲಿ ಕಾಲು ಬಿಡಿಸಲಾಗದೆ ಬಿದ್ದುಬಿಟ್ಟರೆ ಅಂತ ಭಯ. ಅದೇ ಶೂನಲ್ಲಿ ಆಫೀಸಲ್ಲಿ ಓಡಾಡಬಹುದಾ? ಯಾವ ಪೆಡಲ್ ಸರಿ?

ಉತ್ತರ: ನಿಮ್ಮ ಭಯ ನ್ಯಾಯವಾದದ್ದೇ. ಕ್ಲಿಪ್ ಶೂ ಇಲ್ಲದೆಯೂ ಅಷ್ಟು ದೂರ ಆರಾಮಾಗಿ ತುಳಿಯಬಹುದು, ಗೆಳೆಯರು ಹೇಳಿದರು ಅಂತ ಸುಮ್ನೆ ದುಡ್ಡು ಹಾಕಬೇಡಿ. ಆದರೆ ಮಳೆಯಲ್ಲಿ ಪಾದ ಪೆಡಲ್‌ನಿಂದ ಜಾರುತ್ತಿದ್ದರೆ, ಹಂಪ್ ಗುಂಡಿಗಳ ಮೇಲೆ ಕಾಲು ಎಗರುತ್ತಿದ್ದರೆ, ಮೆತ್ತನೆ ತಳದ ಶೂನಿಂದ ಅಂಗಾಲು ನೋಯುತ್ತಿದ್ದರೆ ಖಂಡಿತ ತಗೊಳ್ಳಿ.

ಶೂ ತಳಕ್ಕೆ ಬೋಲ್ಟ್ ಹಾಕಿ ಕೂರಿಸುವ, ಪೆಡಲ್‌ಗೆ ಕಚ್ಚಿಕೊಳ್ಳುವ ತುಂಡಿಗೆ ಕ್ಲೀಟ್ ಅಂತಾರೆ. ಅಂಗಡಿಯಲ್ಲಿ ಎರಡು ಬಗೆ ತೋರಿಸುತ್ತಾರೆ. ಮೂರು ಬೋಲ್ಟ್‌ನ ದೊಡ್ಡ ಪ್ಲಾಸ್ಟಿಕ್ ಕ್ಲೀಟ್ ರೋಡ್ ಬೈಕ್ ರೇಸಿನವರದ್ದು, ಅದು ಶೂ ತಳದಿಂದ ಹೊರಗೆ ಚಾಚಿಕೊಂಡಿರುತ್ತದೆ, ನಾಲ್ಕು ಹೆಜ್ಜೆ ನಡೆಯುವುದೂ ಕಷ್ಟ. ನಿಮಗೆ ಬೇಕಾದದ್ದು ಎರಡು ಬೋಲ್ಟ್‌ನ ಎಸ್‌ಪಿಡಿ ಅನ್ನುವ ಬಗೆ. ಸೈಕಲ್ ಬಿಡಿಭಾಗ ತಯಾರಿಸುವ ಶಿಮಾನೋ ಕಂಪನಿ ಇದನ್ನು 1990ರಲ್ಲಿ ಮೌಂಟನ್ ಬೈಕಿನವರಿಗಾಗಿ ತಂದಿತು, ಅವರು ಆಗಾಗ ಇಳಿದು ಸೈಕಲ್ ತಳ್ಳಬೇಕಲ್ವಾ. ಇದರ ಕ್ಲೀಟ್ ಚಿಕ್ಕದು, ಲೋಹದ್ದು, ರಬ್ಬರ್ ತಳದೊಳಗೆ ಹುದುಗಿರುತ್ತದೆ. ಆಫೀಸಲ್ಲಿ ನಡೆಯಬಹುದು. ಆದರೂ ಒದ್ದೆ ಟೈಲ್ಸ್, ಗ್ರಾನೈಟ್ ಮೇಲೆ ಆ ಲೋಹ ತಾಗಿದರೆ ಜಾರುತ್ತದೆ, ಹಾಗಾಗಿ ಡೆಸ್ಕ್ ಕೆಳಗೆ ಒಂದು ಜೊತೆ ಚಪ್ಪಲಿ ಇಟ್ಟುಕೊಳ್ಳಿ.

ಶೂ ಸಂಜೆ ಹೊತ್ತು ಕೊಳ್ಳಿ, ಆಗ ಪಾದ ಸ್ವಲ್ಪ ಊದಿರುತ್ತದೆ. ನೀವು ದಿನಾ ಹಾಕುವ ಸಾಕ್ಸ್ ಹಾಕಿಕೊಂಡೇ ನೋಡಿ. ಹಿಮ್ಮಡಿ ಎದ್ದೇಳಬಾರದು, ಬೆರಳಿಗೆ ಜಾಗ ಇರಬೇಕು. ಲೇಸ್ ಇದ್ದರೆ ಅದರ ತುದಿ ಸಿಕ್ಕಿಸಲು ಜಾಗ ಇದೆಯಾ ನೋಡಿ, ಇಲ್ಲದಿದ್ದರೆ ಚೈನಿಗೆ ಸಿಕ್ಕಿಹಾಕಿಕೊಳ್ಳುತ್ತದೆ.

ಪೆಡಲ್ ಒಂದು ಕಡೆ ಕ್ಲಿಪ್, ಇನ್ನೊಂದು ಕಡೆ ಚಪ್ಪಟೆ ಇರುವುದನ್ನು ಆರಿಸಿ. ಶಿಮಾನೋ ಇಎಚ್500 ಅಂಥದ್ದು. ಟ್ರಾಫಿಕ್ ಜಾಸ್ತಿ ಇರುವ ಕಡೆ ಚಪ್ಪಟೆ ಬದಿಯಲ್ಲಿ ತುಳಿಯಿರಿ, ರಸ್ತೆ ಬಿಡುವಾದಾಗ ಕ್ಲಿಪ್ ಮಾಡಿ. ಭಾನುವಾರ ಚಪ್ಪಲಿಯಲ್ಲೇ ತರಕಾರಿ ತರಲೂ ಹೋಗಬಹುದು. ಬೇಕಾದ ಬದಿಯನ್ನು ಕಾಲಲ್ಲಿ ತಿರುಗಿಸಿಕೊಳ್ಳುವುದು ಮೊದಮೊದಲು ಕಿರಿಕಿರಿ, ಆಮೇಲೆ ರೂಢಿಯಾಗುತ್ತದೆ.

ಇನ್ನು ನಿಮ್ಮ ಭಯದ ವಿಷಯ. ಅದಕ್ಕೆ ಪೆಡಲ್‌ಗಿಂತ ಕ್ಲೀಟ್ ಮುಖ್ಯ, ಇದನ್ನು ಅಂಗಡಿಯವರು ಹೇಳುವುದೇ ಕಡಿಮೆ. ಎಸ್‌ಎಚ್51 ಅನ್ನುವ ಕ್ಲೀಟ್ ಹಿಮ್ಮಡಿಯನ್ನು ಪಕ್ಕಕ್ಕೆ ತಿರುಗಿಸಿದರೆ ಮಾತ್ರ ಬಿಡುತ್ತದೆ. ಎಸ್‌ಎಚ್56 ಹಾಗಲ್ಲ, ಗಾಬರಿಯಲ್ಲಿ ಕಾಲನ್ನು ಜೋರಾಗಿ ಓರೆಯಾಗಿ ಮೇಲಕ್ಕೆಳೆದರೂ ಬಿಡುತ್ತದೆ. ನೀವು ಎಸ್‌ಎಚ್56 ಕೇಳಿ ಹಾಕಿಸಿಕೊಳ್ಳಿ, ಬೇರೆಯಾಗಿಯೂ ಸಿಗುತ್ತದೆ. ಪೆಡಲ್ ಮೇಲಿನ ಸ್ಪ್ರಿಂಗ್ ಸ್ಕ್ರೂ ಅನ್ನು 3 ಮಿ.ಮೀ. ಅಲೆನ್ ಕೀಯಲ್ಲಿ ಮೈನಸ್ ಕಡೆಗೆ, ಎಷ್ಟು ಸಡಿಲ ಆಗುತ್ತದೋ ಅಷ್ಟು ತಿರುಗಿಸಿಡಿ. ಆಮೇಲೆ ಗೋಡೆ ಹಿಡಿದು ಒಂದೊಂದು ಕಾಲಲ್ಲಿ ಐವತ್ತು ಸಲ ಹಾಕಿ, ಬಿಡಿಸಿ. ಮೈದಾನದ ಹುಲ್ಲಿನ ಮೇಲೆ ಎರಡು ದಿನ ಓಡಿಸಿದ ಮೇಲೆಯೇ ರಸ್ತೆಗಿಳಿಯಿರಿ.

ಸಿಗ್ನಲ್ ಕಾಣುತ್ತಿದ್ದಂತೆ, ಇನ್ನೂ ಉರುಳುತ್ತಿರುವಾಗಲೇ ಎಡಗಾಲು ಬಿಡಿಸಿ. ನಮ್ಮಲ್ಲಿ ಗಾಡಿಗಳು ಬಲಗಡೆಯಿಂದ ದಾಟುತ್ತವೆ, ಹಾಗಾಗಿ ಎಡಕ್ಕೇ ವಾಲಿ ನಿಲ್ಲಬೇಕು. ನಾನು ಕಲಿಯುವಾಗ ಎಡಗಾಲು ಬಿಡಿಸಿ ಬಲಕ್ಕೆ ವಾಲಿದೆ, ಮೊಣಕೈ ತರಚಿತು. ಹಿಂದೆ ಬಸ್ ಇರಲಿಲ್ಲ ಅನ್ನುವುದೊಂದೇ ಪುಣ್ಯ.

ಕ್ಲೀಟ್ ಹೆಬ್ಬೆರಳಿನ ಬುಡದ ಉಬ್ಬಿನ ಕೆಳಗೆ ಅಥವಾ ಚೂರು ಹಿಂದೆ ಬರಲಿ. ಮಂಡಿ ನೋಯಲು ಶುರುವಾದರೆ ಅದರ ಕೋನ ಸರಿಯಿಲ್ಲ ಅಂತ ಮೊದಲು ಅನುಮಾನಿಸಿ. ಪೆಡಲ್ ನೀವೇ ಹಾಕುವುದಾದರೆ ಎಡಗಡೆಯದ್ದರ ಥ್ರೆಡ್ ಉಲ್ಟಾ ಇರುತ್ತದೆ, ಬಲವಂತ ಮಾಡಿದರೆ ಪೆಡಲ್ ಕೂರುವ ಕ್ರ್ಯಾಂಕೇ ಹಾಳು.

ಮೊದಲ ವಾರ ಮುಗಿದ ಮೇಲೆ ಕ್ಲೀಟ್ ಬೋಲ್ಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡುವುದನ್ನು ಮರೆಯಬೇಡಿ. ಒಂದು ಬೋಲ್ಟ್ ಬಿದ್ದುಹೋದರೂ ಕಾಲು ತಿರುಗಿಸಿದಾಗ ಶೂ ಮಾತ್ರ ತಿರುಗುತ್ತದೆ, ಕ್ಲೀಟ್ ಪೆಡಲ್‌ನಲ್ಲೇ ಕಚ್ಚಿಕೊಂಡಿರುತ್ತದೆ. ಅಂಥ ಹೊತ್ತಲ್ಲಿ ಶೂ ಲೇಸ್ ಬಿಚ್ಚಿ ಕಾಲು ಹೊರಗೆ ತೆಗೆಯುವುದೊಂದೇ ದಾರಿ.