ಹಸಿ ಕಸ ತಾನೇ ಬರುತ್ತೆ, ಒಣ ಎಲೆ ಕೂಡಿಡಿ

ಕಲಬುರಗಿಯ ಸೇಡಂ ರಸ್ತೆ ಕಡೆಯಿಂದ ಪತ್ರ ಬರೆದ ಅಕ್ಕನಿಗೆ,

ನಿಮ್ಮ ಪತ್ರ ಎರಡು ಸಲ ಓದಿದೆ. ಅಡುಗೆಮನೆ ಕಸದಿಂದ ಗೊಬ್ಬರ ಮಾಡೋಣ ಅಂತ ಹಳೇ ಪೇಂಟ್ ಬಕೆಟ್ಟಿಗೆ ತೂತು ಹೊಡೆದು ಮಾಳಿಗೆ ಮೇಲೆ ಇಟ್ಟಿರಿ, ಮೂರೇ ವಾರಕ್ಕೆ ನಾತ ಶುರುವಾಯ್ತು, ಬಿಳಿ ಹುಳ ಬಿದ್ದವು, ಅತ್ತೆಯವರು "ಮನೆ ಮೇಲೇ ತಿಪ್ಪೆ ಮಾಡ್ತೀಯೇನು" ಅಂದರು. ಈಗ ಬಿಟ್ಟುಬಿಡಲಾ, ಅಂಗಡಿಯಲ್ಲಿ ಸಿಗುವ ಪುಡಿ ತಂದು ಹಾಕಲಾ, ಗೊಬ್ಬರ ಆಯ್ತು ಅಂತ ತಿಳಿಯೋದಾದರೂ ಹೇಗೆ ಅಂತ ಕೇಳಿದ್ದೀರಿ.

ಬಿಡಬೇಡಿ. ಪುಡಿಗೆ ರೊಕ್ಕ ಹಾಕಬೇಡಿ. ಬಕೆಟ್ಟಿಗೆ ಏನೇನು ಹಾಕಿದಿರಿ ಅಂತ ನೀವೇ ಬರೆದಿದ್ದೀರಲ್ಲ, ಉತ್ತರ ಅಲ್ಲೇ ಇದೆ. ಪುಂಡಿ ಸೊಪ್ಪಿನ ಕಡ್ಡಿ, ಬದನೆಕಾಯಿ ತೊಟ್ಟು, ಸೋಸಿದ ಚಹಾಪುಡಿ, ಬಾಳೆಹಣ್ಣಿನ ಸಿಪ್ಪೆ, ಉಳಿದ ಅನ್ನ-ಸಾರು, ಉಳ್ಳಾಗಡ್ಡಿ ಸಿಪ್ಪೆ. ಉಳ್ಳಾಗಡ್ಡಿ ಸಿಪ್ಪೆ ಒಂದು ಬಿಟ್ಟರೆ ಎಲ್ಲವೂ ಹಸಿ. ಕಾಯಿಪಲ್ಯದಲ್ಲಿ ಮುಕ್ಕಾಲಿಗಿಂತ ಜಾಸ್ತಿ ನೀರೇ ಇರುತ್ತೆ. ಆ ನೀರು ಇಳಿದು ಕಸ ಮುದ್ದೆಯಾದರೆ ಒಳಗೆ ಗಾಳಿ ಆಡಲ್ಲ, ಗಾಳಿ ಇಲ್ಲದ ಕಡೆ ಬೆಳೆಯುವ ಸೂಕ್ಷ್ಮಜೀವಿಗಳು ಸೇರಿಕೊಳ್ಳುತ್ತವೆ, ನಾತ ಅವು ಮಾಡೋದೇ. ಗೊಬ್ಬರ ಮಾಡುವ ಒಳ್ಳೆಯ ಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಬೇಕು. ತರಕಾರಿ ಸಿಪ್ಪೆಯಲ್ಲಿ ಇಂಗಾಲ ಅಷ್ಟಿರಲ್ಲ, ಒಣ ಎಲೆಯಲ್ಲಿ ಬೇಕಾದಷ್ಟಿದೆ. ಹಾಗಾಗಿ ಲೆಕ್ಕ ಸರಳ: ಒಂದು ಬಟ್ಟಲು ಹಸಿ ಕಸಕ್ಕೆ ಒಂದೂವರೆ-ಎರಡು ಬಟ್ಟಲು ಒಣಗಿದ್ದು, ಮೇಲಿನ ಪದರ ಯಾವಾಗಲೂ ಒಣಗಿದ್ದೇ ಇರಬೇಕು. ಹಸಿ ಕಸ ಕಾಣದಿದ್ದರೆ ನೊಣ ಬಂದು ಮೊಟ್ಟೆ ಇಡೋದು ತಾನಾಗಿ ಕಡಿಮೆಯಾಗುತ್ತೆ.

ಒಣಗಿದ್ದು ಎಲ್ಲಿಂದ ತರೋದು ಅಂತೀರಾ? ನಾನು ಎಡವಿದ್ದೂ ಇಲ್ಲೇ. ಮೊದಲ ವರ್ಷ ಹಸಿ ಕಸ ಕೂಡಿಸೋದರಲ್ಲೇ ನನ್ನ ಗಮನವೆಲ್ಲ ಇತ್ತು. ಶ್ರಾವಣದ ಮಳೆ ಹಿಡಿದಾಗ ನೋಡಿದರೆ ಓಣಿಯಲ್ಲಿ ಒಂದು ಒಣ ಎಲೆ ಇಲ್ಲ, ಬೇವಿನ ಮರವೆಲ್ಲ ಹಚ್ಚಗಿವೆ, ಕೆಳಗೆ ಬಿದ್ದ ನಾಲ್ಕು ಎಲೆಯೂ ತೊಯ್ದು ತೊಪ್ಪೆ. ಬಕೆಟ್ ಕೊಳೆತು ನೀರು ಮೆಟ್ಟಿಲ ಮೇಲೆ ಇಳಿಯಿತು, ಮನೆ ಮಾಲೀಕರು ಬೈದರು, ಅಷ್ಟೂ ಕಸವನ್ನು ಒಂದು ಭಾನುವಾರ ಹೊತ್ತುಕೊಂಡು ಹೋಗಿ ಚೆಲ್ಲಿ ಬಂದೆ. ಎರಡು ತಿಂಗಳ ಕೆಲಸ ಹೋಯ್ತು ಅಂತ ನಿಜವಾಗಿ ಬೇಜಾರಾಗಿತ್ತು.

ನಮ್ಮ ಕಡೆ ಬೇವಿನ ಎಲೆ ಉದುರೋದು ಫೆಬ್ರವರಿ, ಮಾರ್ಚಿನಲ್ಲಿ. ಆಗ ಬೆಳಿಗ್ಗೆ ಓಣಿ ಗುಡಿಸುವವರು ರಾಶಿ ಮಾಡಿ ಕಡ್ಡಿ ಗೀರುವ ಮೊದಲೇ ಹೋಗಿ ಕೇಳಿ, ಸಂತೋಷವಾಗಿ ಕೊಡ್ತಾರೆ. ಮೂರು-ನಾಲ್ಕು ಗೋಣಿಚೀಲ ತುಂಬಿ ಮಳೆ ತಾಗದ ಕಡೆ ಇಟ್ಟರೆ ನಮ್ಮ ನಾಲ್ಕು ಜನರ ಮನೆಗೆ ಮಳೆಗಾಲ ಪೂರ್ತಿ ಸಾಕಾಗುತ್ತೆ. ಶೇಂಗಾ ಸಿಪ್ಪೆ ಪುಡಿ ಮಾಡಿ ಹಾಕಿ. ಬಡಗಿಯವರ ಹತ್ತಿರ ಕಟ್ಟಿಗೆ ಪುಡಿ ಸಿಗುತ್ತೆ, ಆದರೆ ಪ್ಲೈವುಡ್ ಕೊಯ್ದ ಪುಡಿ ತರಬೇಡಿ, ಅದರಲ್ಲಿ ಅಂಟು ಇರುತ್ತೆ. ಊರ ತುಂಬ ದಾಲ್ ಮಿಲ್ ಇವೆ, ತೊಗರಿ ಹೊಟ್ಟು ತರಬಹುದಲ್ವಾ ಅಂತ ಕೆಲವರು ಕೇಳ್ತಾರೆ. ಅದು ದನದ ಮೇವು, ದನಕ್ಕೇ ಹೋಗಲಿ.

ಅನ್ನ-ಸಾರು ನಿಲ್ಲಿಸಿ. ಉಪ್ಪು, ಎಣ್ಣೆ ಇದ್ದದ್ದು ಮುಸುರೆ, ಹತ್ತಿರ ಎಮ್ಮೆ ಕಟ್ಟಿದವರಿದ್ದರೆ ಕೊಡಿ. ಎಲುಬು, ಮೀನು ಬೇಡವೇ ಬೇಡ. ಅಡುಗೆಮನೆಯಲ್ಲಿ ಮುಚ್ಚಿದ ಡಬ್ಬಿ ಬದಲು ತೂತಿನ ಬುಟ್ಟಿ ಇಟ್ಟು ಕೆಳಗೊಂದು ತಾಟು, ಒಳಗೊಂದು ಪೇಪರ್ ಹಾಕಿ. ರಾತ್ರಿ ಪಾತ್ರೆ ತೊಳೆದ ಮೇಲೆ ಬುಟ್ಟಿ ಖಾಲಿ ಮಾಡಿಯೇ ಮಲಗಿ, ನಾಳೆಗೆ ಉಳಿಸಬೇಡಿ.

ಅತ್ತೆಯವರ ಮಾತು ತಪ್ಪೇನಲ್ಲ. ಆದರೆ ಹಳ್ಳಿ ತಿಪ್ಪೆಯಲ್ಲಿ ಹೆಂಡಿ ಜೊತೆ ಜೋಳದ ಕಣಿಕೆ ಚೂರು, ಒಲೆ ಬೂದಿ, ಗುಡಿಸಿದ ಮಣ್ಣು ಎಲ್ಲ ಬೀಳ್ತಿತ್ತು, ಒಣಗಿದ್ದೇ ಜಾಸ್ತಿ, ಅದಕ್ಕೇ ಅದು ನಿಮ್ಮ ಬಕೆಟ್ಟಿನ ಹಾಗೆ ನಾರುತ್ತಿರಲಿಲ್ಲ. ಆಲ್ಬರ್ಟ್ ಹೋವಾರ್ಡ್ ಅನ್ನೋ ಇಂಗ್ಲಿಷ್ ವಿಜ್ಞಾನಿ 1924ರಿಂದ 1931ರವರೆಗೆ ಇಂದೋರಿನಲ್ಲಿದ್ದು ರೂಪಿಸಿದ ಇಂದೋರ್ ಪದ್ಧತಿಯಲ್ಲೂ ಇವೇ ಇವೆ: ಹಸಿರು, ಒಣ ಕಸ, ಹೆಂಡಿ, ಮಣ್ಣು, ಬೂದಿ, ಪದರ ಪದರವಾಗಿ, ಆಗಾಗ ಮಗುಚುತ್ತಾ. ಅತ್ತೆಯವರನ್ನೇ ಮಾಳಿಗೆಗೆ ಕರೆದುಕೊಂಡು ಹೋಗಿ ಕೇಳಿ, ನನಗಿಂತ ಚೆನ್ನಾಗಿ ಹೇಳಿಕೊಡಬಹುದು.

ಈಗಿನ ಬಕೆಟ್ ಕೆಟ್ಟಿಲ್ಲ. ಸಂಜೆ ಹೊತ್ತು ಪೇಪರ್ ಮೇಲೆ ಸುರುವಿ, ಒಣ ಎಲೆ, ಎರಡು ಹಿಡಿ ಹಳೇ ಹೆಂಡಿ ಗೊಬ್ಬರ ಕಲಸಿ ಮತ್ತೆ ತುಂಬಿ, ಮೂರು ದಿನಕ್ಕೊಮ್ಮೆ ಕೋಲಿನಿಂದ ತಿರುವಿ. ಒಂದು ಹಿಡಿ ತೆಗೆದು ಮುಷ್ಟಿ ಬಿಗಿದು ನೋಡಿ. ಬೆರಳ ಸಂದಿಯಿಂದ ನೀರು ಜಿನುಗಿದರೆ ಎಲೆ ಹಾಕಿ, ಪುಡಿಪುಡಿಯಾಗಿ ಉದುರಿದರೆ ಬೇಳೆ ತೊಳೆದ ನೀರು ಚಿಮುಕಿಸಿ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿಗೆ ಬಕೆಟ್ ಒಣಗಿ ಇರುವೆ ಸೇರ್ತವೆ. ಆಗ ನೆರಳಿಗೆ ಸರಿಸಿ, ಒದ್ದೆ ಗೋಣಿ ಸುತ್ತಿ.

ಹೀಗೆ ಮಾಡಿದರೆ ಕೊನೆಯ ಕಸ ಹಾಕಿ ಎರಡು-ಮೂರು ತಿಂಗಳಿಗೆ ಬಕೆಟ್ ಅರ್ಧಕ್ಕಿಂತ ಕೆಳಗಿಳಿದು, ಕಪ್ಪಾಗಿ, ಮೊದಲ ಮಳೆ ಬಿದ್ದ ಹೊಲದ ವಾಸನೆ ಬರುತ್ತೆ. ಗೊಬ್ಬರ ಆಯ್ತು ಅಂತ ತಿಳಿಯೋದು ಮೂಗಿನಿಂದಲೇ. ನಮ್ಮ ಎರೆ ಮಣ್ಣು ಕುಂಡದಲ್ಲಿ ನೀರು ಹಿಡಿದು ಕೂರುತ್ತೆ, ಬಿಸಿಲಿಗೆ ಬಿರಿಯುತ್ತೆ. ಮೂರು ಪಾಲು ಮಣ್ಣಿಗೆ ಒಂದು ಪಾಲು ಇದನ್ನು ಕಲಸಿದರೆ ಸಡಿಲಾಗುತ್ತೆ, ಕರಿಬೇವಿನ ಗಿಡಕ್ಕೆ ಮೊದಲು ಹಾಕಿ ನೋಡಿ. ಹಳೇ ಜರಡಿಯಲ್ಲಿ ಸೋಸಿದಾಗ ಉಳಿಯುವ ಕಡ್ಡಿ, ಮಾವಿನ ವಾಟೆ, ತತ್ತಿ ಸಿಪ್ಪೆ ಚೂರು ಯಾವುದನ್ನೂ ಚೆಲ್ಲಬೇಡಿ. ಹೊಸ ಬಕೆಟ್ಟಿನ ತಳಕ್ಕೆ ಅದನ್ನೇ ಹಾಕಿ, ಹಾಲಿಗೆ ಹೆಪ್ಪು ಹಾಕಿದ ಹಾಗೆ.

— ಸಂಪಾದಕ