ಕೆರೆಯದೆಯೇ ಔಷಧ ಕೊಡಿ ಎನ್ನುವವರಿಗೆ

ಪುಣೆಯ ಸುತ್ತಮುತ್ತ ಕಬ್ಬಿನ ಕಟಾವು ಆರಂಭವಾಯಿತೆಂದರೆ ಕಣ್ಣಿನ ಡಾಕ್ಟರಾದ ನನಗೆ ಬರುವ ಪತ್ರಗಳ ವಿಷಯವೂ ಬದಲಾಗುತ್ತದೆ. ಈ ಬಾರಿಯ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯ ಬೇರೆ ಬೇರೆ ರೂಪಗಳಾಗಿರುವುದರಿಂದ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನಾವು ವಿಜಯಪುರ ಜಿಲ್ಲೆಯವರು, ಈಗ ಹಡಪಸರದಲ್ಲಿದ್ದೇವೆ. ಇಂದಾಪುರದ ಕಡೆ ಕಬ್ಬು ಕಡಿಸುವಾಗ ನಮ್ಮ ಯಜಮಾನರ ಕಣ್ಣಿಗೆ ರವದಿ (ಕಬ್ಬಿನ ಒಣಗಿದ ಎಲೆ) ಬಡಿಯಿತು. ಮೆಡಿಕಲ್ ಶಾಪಿನವರು ಕೊಟ್ಟ ಡ್ರಾಪ್ಸ್ ಹಾಕಿದ ಮೇಲೆ ಎರಡು ದಿನ ಕೆಂಪು ಇಳಿದಿತ್ತು. ಎಂಟನೆಯ ದಿನಕ್ಕೆ ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಾಣಿಸಿತು. ಕಣ್ಣಿನ ಡಾಕ್ಟರು ಹುಣ್ಣನ್ನು ಕೆರೆದು ನೋಡಬೇಕು ಎನ್ನುತ್ತಾರೆ. ಕೆರೆಯದೆ ಔಷಧ ಕೊಡಲು ಬರುವುದಿಲ್ಲವೇ? ಮೊದಲಿನ ಡ್ರಾಪ್ಸ್ ಮುಂದುವರಿಸಬಹುದೇ?

ಉತ್ತರ: ಎರಡನೆಯ ಪ್ರಶ್ನೆಯ ಉತ್ತರ ಮೊದಲು ಹೇಳುತ್ತೇನೆ: ಮುಂದುವರಿಸಬಾರದು. ಹಾಗೆಂದು ಆ ಬಾಟಲಿಯನ್ನು ಎಸೆಯಲೂ ಬೇಡಿ, ಡಾಕ್ಟರಿಗೆ ತೋರಿಸಿ. ಅದರ ಮೇಲೆ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್ ಅಥವಾ ಪ್ರೆಡ್ನಿಸೊಲೋನ್ ಎಂಬ ಹೆಸರಿದ್ದರೆ ಅದು ಸ್ಟಿರಾಯ್ಡ್. ಎರಡು ದಿನ ಕೆಂಪು ಇಳಿದದ್ದು ಅದರ ಕೆಲಸವೇ. ಸ್ಟಿರಾಯ್ಡ್ ರೋಗಾಣುವನ್ನು ಕೊಲ್ಲುವುದಿಲ್ಲ, ರೋಗಾಣುವಿನ ವಿರುದ್ಧ ಹೋರಾಡುವ ದೇಹದ ಕೈಯನ್ನು ಕಟ್ಟಿಹಾಕುತ್ತದೆ. ಹೋರಾಟ ನಿಂತುದರಿಂದ ಕೆಂಪೂ ನೋವೂ ಇಳಿಯುತ್ತವೆ, ಮನೆಯವರು ಗುಣವಾಯಿತೆಂದು ಸಮಾಧಾನಪಡುತ್ತಾರೆ, ಅಷ್ಟರಲ್ಲಿ ರವದಿಯ ಜೊತೆ ಕಣ್ಣಿಗೆ ಬಂದಿರಬಹುದಾದ ಫಂಗಸ್ (ಬೂಷ್ಟು) ಒಳಗೊಳಗೇ ಬೇರು ಬಿಡುತ್ತದೆ. ಕರಿಗುಡ್ಡೆಯ ಮುಂದಿರುವ ಪಾರದರ್ಶಕ ಪದರವಾದ ಕಾರ್ನಿಯಾದ ನಡುಭಾಗದ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಅದರ ಒಳಪದರ ಹರಿಯದಿದ್ದರೂ ಫಂಗಸ್ಸಿನ ಎಳೆಗಳು ಅದನ್ನು ದಾಟಿ ಕಣ್ಣಿನೊಳಕ್ಕೆ ಇಳಿಯಬಲ್ಲವು. ಕಣ್ಣು ಕೆಂಪಾದವರಿಗೆಲ್ಲ ಒಂದೇ ಬಾಟಲಿ ಕೊಟ್ಟು ಕಳಿಸುವ ಮೆಡಿಕಲ್ ಶಾಪುಗಳ ಬಗ್ಗೆ ಇಪ್ಪತ್ತು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಕೊಡುವವರಷ್ಟೇ ಕೇಳಿ ಪಡೆಯುವವರೂ ಇದಕ್ಕೆ ಹೊಣೆ.

ಇನ್ನು ಕೆರೆಯುವ ವಿಷಯ. ಈ ಪದವೇ ಜನರನ್ನು ಹೆದರಿಸಿದೆ. ಮರಗಟ್ಟಿಸುವ ಹನಿ ಹಾಕಿ, ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪಿನ ಮುಂದೆ ಕೂರಿಸಿ, ಹುಣ್ಣಿನ ಅಂಚಿನಿಂದಲೂ ತಳದಿಂದಲೂ ಚೂರು ಅಂಶವನ್ನು ಸಣ್ಣ ಬ್ಲೇಡಿನಿಂದ ತೆಗೆಯುತ್ತಾರೆ. ಕೆಲವೇ ನಿಮಿಷಗಳ ಕೆಲಸ. ಗಾಜಿನ ಮೇಲೆ ಹಚ್ಚಿದ ಒಂದು ಭಾಗಕ್ಕೆ ಶೇಕಡ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಸಿದರೆ ಕಣ್ಣಿನ ಜೀವಕೋಶಗಳು ಕರಗುತ್ತವೆ, ಫಂಗಸ್ಸಿನ ಎಳೆಗಳು ಕರಗದೆ ಉಳಿದು ಸೂಕ್ಷ್ಮದರ್ಶಕದಲ್ಲಿ ಅಂದೇ ಕಾಣಿಸುತ್ತವೆ. ಇನ್ನೊಂದು ಭಾಗವನ್ನು ಕಲ್ಚರಿಗೆ, ಅಂದರೆ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆಗೆ, ಹಾಕುತ್ತಾರೆ. ಅಲ್ಲಿ ಫ್ಯುಸೇರಿಯಮ್ಮೋ ಆಸ್ಪರ್ಜಿಲ್ಲಸ್ಸೋ ಎಂಬ ಫಂಗಸ್ ಬೆಳೆದು ಕಾಣಿಸಲು ಸಾಮಾನ್ಯವಾಗಿ ಎರಡು ಮೂರು ದಿನ ಹಿಡಿಯುತ್ತದೆ, ಕೆಲವೊಮ್ಮೆ ವಾರ ಮೀರುತ್ತದೆ. ಮೊದಲ ಸಲ ಏನೂ ಸಿಗದಿದ್ದು ಹುಣ್ಣು ಹೆಚ್ಚುತ್ತಿದ್ದರೆ ಮತ್ತೆ ಕೆರೆಯಬೇಕಾಗುತ್ತದೆ. ಆಗ ಡಾಕ್ಟರನ್ನು ಬದಲಿಸಬೇಡಿ.

ನೋಡಿದರೇ ತಿಳಿಯುವುದಿಲ್ಲವೇ ಎಂದು ಕೇಳುತ್ತೀರಿ. ಒಣಗಿದಂತೆ ಕಾಣುವ ಮೇಲ್ಮೈ, ಹಕ್ಕಿಯ ಗರಿಯಂತೆ ಚದುರಿದ ಅಂಚು, ದೊಡ್ಡ ಹುಣ್ಣಿನ ಪಕ್ಕದಲ್ಲೇ ಮರಿ ಚುಕ್ಕೆಗಳು, ಇವು ಫಂಗಸ್ಸಿನ ಕಡೆಗೆ ಬೆರಳು ತೋರಿಸುತ್ತವೆ ನಿಜ. ಆದರೆ ಬ್ಯಾಕ್ಟೀರಿಯಾದ ಹುಣ್ಣೂ ಅಕಾಂತಮೀಬಾ ಎಂಬ ಏಕಕೋಶ ಜೀವಿಯ ಹುಣ್ಣೂ ಅನುಭವಿಗಳನ್ನೇ ಏಮಾರಿಸುತ್ತವೆ. ನಾನೂ ಏಮಾರಿದ್ದೇನೆ, ಆದ್ದರಿಂದಲೇ ಈಗ ಕೆರೆಯದೆ ಔಷಧ ಬರೆಯುವುದಿಲ್ಲ. ಬ್ಯಾಕ್ಟೀರಿಯಾದ ಔಷಧ ಫಂಗಸ್ಸಿಗೆ ನಾಟುವುದಿಲ್ಲ, ಫಂಗಸ್ಸಿನದು ಬ್ಯಾಕ್ಟೀರಿಯಾಕ್ಕೆ ನಾಟುವುದಿಲ್ಲ. ಕೆರೆಯುವುದರಿಂದ ಇನ್ನೊಂದು ಲಾಭವೂ ಇದೆ: ಹುಣ್ಣಿನ ಮೇಲಿನ ಸತ್ತ ಪದರ ಹೋದರೆ ಔಷಧ ಸ್ವಲ್ಪ ಆಳಕ್ಕೆ ಇಳಿಯುತ್ತದೆ.

ಎಳೆಯಾಗಿ ಬೆಳೆಯುವ ಫಂಗಸ್ಸಿಗೆ ಮೊದಲ ಔಷಧ ಶೇಕಡ 5ರ ನಾಟಮೈಸಿನ್. ಹಳೆಯದು, ಅಮೆರಿಕದಲ್ಲಿ ಇದಕ್ಕೆ ಅನುಮತಿ ಸಿಕ್ಕಿದ್ದೇ 1978ರಲ್ಲಿ. ಹೊಸತೂ ದುಬಾರಿಯೂ ಆದದ್ದನ್ನು ಬರೆಯಿರಿ ಎಂದು ಒತ್ತಾಯಿಸುವವರು ಒಂದು ವಿಷಯ ತಿಳಿದಿರಲಿ: ದಕ್ಷಿಣ ಭಾರತದ ಅರವಿಂದ ಕಣ್ಣಾಸ್ಪತ್ರೆಗಳಲ್ಲಿ 323 ರೋಗಿಗಳ ಮೇಲೆ ನಾಟಮೈಸಿನ್ ಮತ್ತು ವೊರಿಕೊನಜೋಲ್ ಹನಿಗಳನ್ನು ಹೋಲಿಸಿ ನಡೆಸಿದ, 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗೆದ್ದದ್ದು ಹಳೆಯ ನಾಟಮೈಸಿನ್ನೇ, ಅದರಲ್ಲೂ ಫ್ಯುಸೇರಿಯಂ ಹುಣ್ಣುಗಳಲ್ಲಿ. ಇದು ಹಾಲಿನಂಥ ದ್ರವ. ಪುಡಿ ತಳಕ್ಕೆ ಕೂರುವುದರಿಂದ ಪ್ರತಿ ಸಲ ಬಾಟಲಿಯನ್ನು ಚೆನ್ನಾಗಿ ಕುಲುಕಬೇಕು. ಆರಂಭದಲ್ಲಿ ಗಂಟೆಗೊಮ್ಮೆ ಎಂದು ಬರೆದಿದ್ದರೆ ಗಂಟೆಗೊಮ್ಮೆಯೇ ಹಾಕಬೇಕು. ರಾತ್ರಿ ಎಬ್ಬಿಸಿ ಹಾಕಲು ಹೇಳಿದ್ದರೆ ಎಬ್ಬಿಸಬೇಕು, ಪಾಪ ಮಲಗಿದ್ದಾರೆ ಎಂಬ ಕನಿಕರ ಇಲ್ಲಿ ಸಲ್ಲದು. ಔಷಧದ ಬಿಳಿ ಪುಡಿ ಹುಣ್ಣಿಗೆ ಅಂಟಿಕೊಂಡಾಗ ಬಿಳಿ ಹೆಚ್ಚಾಯಿತೆಂದು ಗಾಬರಿಯಾಗಿ ಹನಿ ನಿಲ್ಲಿಸುವವರಿದ್ದಾರೆ. ಹೆಚ್ಚಿತೋ ಇಳಿಯಿತೋ ಎಂಬುದನ್ನು ಸ್ಲಿಟ್ ಲ್ಯಾಂಪು ಹೇಳಲಿ. ಚಿಕಿತ್ಸೆ ವಾರಗಳಗಟ್ಟಲೆ ನಡೆಯುತ್ತದೆ, ಕೆಲವರಿಗೆ ತಿಂಗಳು ದಾಟುತ್ತದೆ. ಹುಣ್ಣು ಆಳಕ್ಕಿಳಿದಿದ್ದರೆ ಮಾತ್ರೆ ಅಥವಾ ಕಾರ್ನಿಯಾದೊಳಗೆ ಇಂಜೆಕ್ಷನ್ ಸೇರಿಸುವುದನ್ನು ನಿಮ್ಮ ಡಾಕ್ಟರು ನಿರ್ಧರಿಸುತ್ತಾರೆ. ತೂತು ಬಿದ್ದರೆ ಅಥವಾ ಬೀಳುವ ಹಂತ ತಲುಪಿದರೆ ದಾನಿಯ ಕಾರ್ನಿಯಾ ಕಸಿ ಮಾಡಬೇಕಾಗಬಹುದು. ಆ ಹಂತದಲ್ಲಿ ಮೊದಲ ಉದ್ದೇಶ ಸೋಂಕನ್ನು ತೆಗೆದು ಕಣ್ಣುಗುಡ್ಡೆಯನ್ನು ಉಳಿಸಿಕೊಳ್ಳುವುದು, ದೃಷ್ಟಿಯ ಮಾತು ಆಮೇಲಿನದು. ಪೂರ್ತಿ ವಾಸಿಯಾದ ಮೇಲೂ ಕಲೆ ಉಳಿಯುತ್ತದೆ. ನಮ್ಮ ಕಡೆ ಕಣ್ಣಿಗೆ ಹೂ ಬಿತ್ತು ಎನ್ನುವುದು ಇದಕ್ಕೇ. ಯಜಮಾನರಿಗೆ ಸಕ್ಕರೆ ಕಾಯಿಲೆ ಇದೆಯೋ ಇಲ್ಲವೋ ನೀವು ಬರೆದಿಲ್ಲ, ಅದನ್ನೂ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಎದೆಹಾಲು, ಜೇನುತುಪ್ಪ, ಹರಳೆಣ್ಣೆ, ಇವುಗಳಲ್ಲಿ ಯಾವುದು ಒಳ್ಳೆಯದು?

ಉತ್ತರ: ಹುಣ್ಣಾದ ಕಣ್ಣಿಗೆ ಯಾವುದೂ ಅಲ್ಲ. ನಾಲಿಗೆಯಿಂದ ಕಣ್ಣಿನ ಕಸ ತೆಗೆಯುವವರ ಬಳಿಗೂ ಹೋಗಬೇಡಿ. ಬಾಯಿಯ ಬ್ಯಾಕ್ಟೀರಿಯಾವನ್ನು ಗಾಯಕ್ಕೆ ಹಚ್ಚಿಸಿಕೊಂಡು ಬರುತ್ತೀರಿ.

ಪ್ರಶ್ನೆ: ಇದು 2021ರ ಬ್ಲ್ಯಾಕ್ ಫಂಗಸ್ ಇರಬಹುದೇ? ಮನೆಯವರಿಗೆ ಹರಡುತ್ತದೆಯೇ?

ಉತ್ತರ: ಅದು ಮ್ಯೂಕರ್‌ಮೈಕೋಸಿಸ್, ಮೂಗು ಮತ್ತು ಸೈನಸ್‌ನಿಂದ ಕಣ್ಣಿನ ಗೂಡಿಗೆ ಹಬ್ಬುವ ಬೇರೆಯೇ ಕಾಯಿಲೆ. ಎರಡೂ ಮನೆಯವರಿಗೆ ಅಂಟುವುದಿಲ್ಲ.

ಪ್ರಶ್ನೆ (ಕೋಥ್ರೂಡಿನ ವಿದ್ಯಾರ್ಥಿನಿ): ಕಾಂಟ್ಯಾಕ್ಟ್ ಲೆನ್ಸನ್ನು ನಲ್ಲಿ ನೀರಿನಲ್ಲಿ ತೊಳೆಯುತ್ತೇನೆ, ಫಿಲ್ಟರ್ ನೀರಾದರೆ ಸಾಕೇ?

ಉತ್ತರ: ಯಾವ ನೀರೂ ಬೇಡ. ಕಣ್ಣು ಕೆಂಪಾದ ದಿನ ಲೆನ್ಸ್ ತೆಗೆದು, ಡಬ್ಬಿಯ ಸಮೇತ ಡಾಕ್ಟರ ಬಳಿಗೆ ತೆಗೆದುಕೊಂಡು ಹೋಗಿ. ಅದನ್ನೂ ಕಲ್ಚರಿಗೆ ಹಾಕಬಹುದು.

ಮೊಬೈಲಿನಲ್ಲಿ ಕಣ್ಣಿನ ಫೋಟೊ ತೆಗೆದು ಕಳಿಸಿ ಔಷಧದ ಹೆಸರು ಕೇಳಿದ ನಾಲ್ವರಿಗೆ ನಾನು ಹೆಸರು ಬರೆಯುವುದಿಲ್ಲ. ಹುಣ್ಣಿನ ಆಳ ಫೋಟೊದಲ್ಲಿ ಕಾಣುವುದಿಲ್ಲ. ನಾಲ್ವರಲ್ಲಿ ಇಬ್ಬರ ಕರಿಗುಡ್ಡೆಯ ಕೆಳಭಾಗದಲ್ಲಿ ಕೀವಿನ ಗೆರೆ ಕಾಣುತ್ತಿದೆ. ಅವರು ನನ್ನ ಉತ್ತರಕ್ಕೆ ಕಾಯದೆ ಇಂದೇ ಹತ್ತಿರದ ಕಣ್ಣಾಸ್ಪತ್ರೆಗೆ ಹೋಗಲಿ.